ಬೈಯುವವರಿದ್ದ ಊರು

ಮಳೆ ಬಿದ್ದ ದಿನ ಹಸಿರು ಮಾರ್ಗದ ಮೆಟ್ರೊ ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಬಾಗಿಲು ತೆರೆದರೆ ಒಂದು ವಾಸನೆ ಒಳಗೆ ಬರುತ್ತದೆ. ಲೇತ್ ಯಂತ್ರಗಳಿಗೆ ಸುರಿಯುವ ಎಣ್ಣೆನೀರು, ಒದ್ದೆಯಾದ ಕಬ್ಬಿಣದ ಚೂರು, ತುಂಬಿದ ಚರಂಡಿ ಎಲ್ಲ ಬೆರೆತ ವಾಸನೆ ಅದು. ಬಾಗಿಲು ಮುಚ್ಚಿದ ಮೇಲೂ ಸ್ವಲ್ಪ ದೂರ ನಮ್ಮ ಜತೆಗೇ ಪ್ರಯಾಣ ಮಾಡುತ್ತದೆ. ಕಳೆದ ವಾರ ನಾಗಸಂದ್ರಕ್ಕೆ ಹೊರಟಿದ್ದ ನಾನು ಆ ವಾಸನೆ ಬಂದದ್ದೇ ಅಲ್ಲಿಯೇ ಇಳಿದುಬಿಟ್ಟೆ. ಇಳಿದು, ಲಾರಿಗಳು ಎಬ್ಬಿಸಿದ ಕೆಸರು ತಪ್ಪಿಸಿಕೊಳ್ಳುತ್ತ ಒಳರಸ್ತೆಯಲ್ಲಿ ನಡೆದೆ. ಹಾಕಿ ಮೈದಾನವಿದ್ದ ಜಾಗದಲ್ಲಿ ಈಗ ಪಾರ್ಸೆಲ್ ಗೋದಾಮು. ಗೇಟಿನಲ್ಲಿದ್ದ ಸೆಕ್ಯುರಿಟಿಯವರು, "ಯಾರು ಬೇಕು ಮೇಡಂ?" ಎಂದರು. ಯಾರೂ ಇಲ್ಲ ಎಂದು ಹೇಳಿ ವಾಪಸು ಬಂದೆ.

ಆ ಮೈದಾನವನ್ನು ನಾನು ಹತ್ತಿರದಿಂದ ಕಂಡದ್ದು ಒಂದೇ ಮಳೆಗಾಲ. ನಮ್ಮ ಪತ್ರಿಕೆ ಕ್ರೀಡಾಪುಟಗಳನ್ನು ಕಡಿಮೆ ಮಾಡಿ, ಉಳಿದದ್ದನ್ನೆಲ್ಲ ಕ್ರಿಕೆಟ್‌ಗೆ ಬಿಟ್ಟುಕೊಟ್ಟ ವರ್ಷ ಅದು. ಹಾಕಿ, ಅಥ್ಲೆಟಿಕ್ಸ್ ಎಂದು ಓಡಾಡುತ್ತಿದ್ದ ನನ್ನನ್ನು ಪೀಣ್ಯ, ದಾಸರಹಳ್ಳಿ, ಚಿಕ್ಕಬಾಣಾವರ ವಲಯದ ಸುದ್ದಿಗೆ ಹಾಕಿದರು. ಗುಂಡಿ ಬಿದ್ದ ರಸ್ತೆ, ಕೆಟ್ಟ ಟ್ರಾನ್ಸ್‌ಫಾರ್ಮರ್, ರಾಜಕಾಲುವೆ ಉಕ್ಕಿ ಶೆಡ್ಡಿಗೆ ನುಗ್ಗಿದ ನೀರು ಇವೇ ನನ್ನ ವರದಿಗಳಾದವು. ಇಂಥದ್ದೇ ಒಂದು ಚರಂಡಿಯ ವರದಿಗೆ ಹೋದಾಗ, ಬಿಡಿಭಾಗ ತಯಾರಿಸುವ ಒಂದು ಹಳೆಯ ಕಾರ್ಖಾನೆಯ ಕಾಂಪೌಂಡಿನೊಳಗಿಂದ ಕಟ್ ಕಟ್ ಎಂಬ ಸದ್ದು ಕೇಳಿಸಿತು. ಚೆಂಡಿಗೆ ಹಾಕಿ ಸ್ಟಿಕ್ ತಾಗುವ ಸದ್ದು ನನಗೆ ಗೋಡೆಯಾಚೆಯಿಂದಲೂ ಗೊತ್ತಾಗುತ್ತದೆ.

ಒಳಗೆ ಕೆಸರಿನಲ್ಲಿ ಕಾರ್ಖಾನೆಯ ತಂಡ ಅಭ್ಯಾಸ ಮಾಡುತ್ತಿತ್ತು. ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಸೇರಿದವರು. ಬೆಳಗ್ಗೆ ಅರ್ಧ ಪಾಳಿ ದುಡಿದು, ಊಟದ ಸೈರನ್ ಆದ ಮೇಲೆ ಸ್ಟಿಕ್ ಹಿಡಿಯುವವರು. ಕೋಚ್ ಆರೋಗ್ಯಸ್ವಾಮಿ, ಎಲ್ಲರ ಬಾಯಲ್ಲೂ ಸ್ವಾಮಿ ಸಾರ್, ಒಂದು ಕಾಲದಲ್ಲಿ ರಾಜ್ಯದ ಗೋಲ್‌ಕೀಪರ್ ಆಗಿದ್ದವರು. ನನ್ನನ್ನು ಸ್ಟೇಡಿಯಂನಲ್ಲಿ ನೋಡಿ ಬಲ್ಲವರು. ಛತ್ರಿ ಮಡಚುತ್ತ ಹತ್ತಿರ ಬಂದರು.

"ಏನಮ್ಮಾ, ಇಲ್ಲಿ? ಸ್ಪೋರ್ಟ್ಸ್ ಪೇಜಿಂದ ಇಳಿಸ್ಬಿಟ್ರಾ?"

"ಚರಂಡಿ ಪೇಜಿಗೆ ಹಾಕಿದ್ದಾರೆ ಸಾರ್."

"ಸರಿ ಬಿಡು, ಎರಡಕ್ಕೂ ಏನ್ ವ್ಯತ್ಯಾಸ? ನಮ್ಮ ಗ್ರೌಂಡ್ ನೋಡು. ಒಂದೇ ರಿಪೋರ್ಟಲ್ಲಿ ಎರಡೂ ಬರೀಬಹುದು."

ನಗುತ್ತಲೇ ನಾನು ಮೈದಾನದ ಕಡೆ ನೋಡಿದೆ. ಗೋಲಿನ ಮುಂದೆ ನಿಂತಿದ್ದ ಎತ್ತರದ ಡಿಫೆಂಡರ್‌ನ ಮುಖ ನೋಡಿ ನಗು ನಿಂತಿತು. ವೀರೇಶ. ಗದಗದ ಬೆಟಗೇರಿ ಕಡೆಯವನು. ಎರಡು ಚಳಿಗಾಲದ ಹಿಂದೆ ಅವನ ಮುಖ ಟಿವಿಯಲ್ಲಿ, ಮೊಬೈಲಿನಲ್ಲಿ ಎಷ್ಟು ಓಡಾಡಿತ್ತೆಂದರೆ ನಮ್ಮ ಸುದ್ದಿಮನೆಯಲ್ಲಿ ಹಾಕಿ ನೋಡದವರೂ ಅದನ್ನು ಬಲ್ಲವರಾಗಿದ್ದರು.

ನಡೆದದ್ದು ಇಷ್ಟು. ಅವನು ಆಗ ಪೂರ್ವದ ಕಡೆಯ ಒಂದು ನಗರದ ಲೀಗ್ ತಂಡಕ್ಕೆ ಆಡುತ್ತಿದ್ದ. ಹಾಕಿ ಎಂದರೆ ಜೀವ ಬಿಡುವ ಊರದು. ಸೆಮಿಫೈನಲ್, ತವರಿನ ಮೈದಾನ, ಒಂದು ಸೀಟೂ ಖಾಲಿ ಇಲ್ಲ. ಆಟ ಮುಗಿಯಲು ಸ್ವಲ್ಪ ಸಮಯವಿರುವಾಗ, ಗೋಲಿನ ಮುಂದೆ ಚೆಂಡು ವೀರೇಶನ ಕಾಲಿಗೆ ತಾಗಿತೆಂದು ಅಂಪೈರ್ ಎದುರಾಳಿಗೆ ಪೆನಾಲ್ಟಿ ಕಾರ್ನರ್ ಕೊಟ್ಟರು; ಡಿಫೆಂಡರ್‌ನ ಕಾಲಿಗೆ ತಾಗುವುದು ತಪ್ಪು, ಅದಕ್ಕೆ ಎದುರಾಳಿಗೆ ಗೋಲಿಗೆ ಹೊಡೆಯುವ ಅವಕಾಶ ಸಿಗುತ್ತದೆ. ಹಾಕಿಯಲ್ಲಿ ಇಂಥ ತೀರ್ಪನ್ನು ವಿಡಿಯೊಗೆ ಕಳಿಸಿ ಎಂದು ಕೇಳುವ ಹಕ್ಕು ತಂಡಕ್ಕಿದೆ. ಕೇಳಿದ್ದು ತಪ್ಪಾದರೆ ಹಕ್ಕು ಹೋಗುತ್ತದೆ. ಕೇಳಬೇಕೋ ಬೇಡವೋ ಎಂದು ನಾಯಕ ತೀರ್ಮಾನಿಸುವುದು ಒಂದೇ ಆಧಾರದ ಮೇಲೆ. ಚೆಂಡಿಗೆ ಹತ್ತಿರವಿದ್ದ ಆಟಗಾರನನ್ನು ಕೇಳುತ್ತಾನೆ: ತಾಗಿತಾ? ಆ ಗಳಿಗೆಯಲ್ಲಿ ತನ್ನ ತಂಡದವನಿಗೆ ಸುಳ್ಳು ಹೇಳುವ ಆಟಗಾರ ಇರುವುದಿಲ್ಲ; ಹೇಳಿದರೆ ಕೆಡುವುದು ತನ್ನದೇ ಪಂದ್ಯ. ವೀರೇಶ, ತಾಗಿಲ್ಲ ಎಂದ. ನಾಯಕ ಕೈಯೆತ್ತಿ ವಿಡಿಯೊ ಕೇಳಿದ. ನಿಧಾನಗತಿಯಲ್ಲಿ ನೋಡಿದಾಗ ಚೆಂಡು ಬೂಟಿನ ಅಂಚು ಸವರಿಕೊಂಡು ಹೋದದ್ದು ಕಂಡಿತು. ಹಕ್ಕು ಹೋಯಿತು. ಆ ಕಾರ್ನರ್‌ನಲ್ಲಿ ಗೋಲಾಗಲಿಲ್ಲ. ಆದರೆ ಕೊನೆಯ ಗಳಿಗೆಯಲ್ಲಿ ಎದುರಾಳಿ ಹೊಡೆದ ಗೋಲು ವೃತ್ತದ ಹೊರಗಿನಿಂದ ಬಂದದ್ದು, ಲೆಕ್ಕಕ್ಕಿಲ್ಲ ಎಂದು ಇಡೀ ಮೈದಾನ ಕೂಗಿದರೂ ವಿಡಿಯೊ ಕೇಳುವಂತಿರಲಿಲ್ಲ. ತಂಡ ಸೋತಿತು.

ಪಂದ್ಯದ ನಂತರದ ಪತ್ರಿಕಾಗೋಷ್ಠಿಯಲ್ಲಿ ಅವನನ್ನು ಕೂರಿಸಿದರು. ಕಾಲಿಗೆ ತಾಗಿತ್ತಾ, ಗೊತ್ತಿದ್ದೂ ಸುಳ್ಳು ಹೇಳಿದಿರಾ ಎಂಬುದು ಮೊದಲ ಪ್ರಶ್ನೆ. ಅರೆಬರೆ ಹಿಂದಿಯಲ್ಲಿ, ನನಗೆ ಗೊತ್ತಿಲ್ಲ ಎಂದ. ಆ ಒಂದು ಮಾತನ್ನಷ್ಟೇ ಕತ್ತರಿಸಿ, ಹಿಂದೆ ತಮಾಷೆಯ ಸಂಗೀತ ಸೇರಿಸಿ, ಆ ಊರಿನ ಯೂಟ್ಯೂಬ್ ಚಾನೆಲ್‌ಗಳು ಚಳಿಗಾಲವಿಡೀ ಓಡಿಸಿದವು. ಮರುವರ್ಷ ಅವನು ಯಾವ ತಂಡಕ್ಕೂ ಹೆಸರು ಕೊಡಲಿಲ್ಲ. ಎಲ್ಲಿ ಹೋದ ಎಂದು ಯಾರೂ ಬರೆಯಲಿಲ್ಲ. ಹೋದದ್ದು ಇಲ್ಲಿಗೆ.

ಅಭ್ಯಾಸ ಮುಗಿದ ಮೇಲೆ ಸ್ವಾಮಿ ಸಾರ್ ಕರೆದು ಪರಿಚಯಿಸಿದರು. ಪತ್ರಿಕೆ ಎಂದ ಕೂಡಲೇ ಅವನ ಕೈ ನಮಸ್ಕಾರಕ್ಕೆ ಎದ್ದದ್ದು ಅರ್ಧಕ್ಕೇ ನಿಂತಿತು.

"ಚರಂಡಿ ಬರೀತಾರೆ ಕಣೋ, ಹೆದರ್ಬೇಡ" ಎಂದರು ಸ್ವಾಮಿ ಸಾರ್.

"ಹಂಗಾರ ಅಡ್ಡಿ ಇಲ್ರಿ" ಎಂದ ಅವನು. ಅವನ ಬಗ್ಗೆ ಬರೆಯುವುದಿಲ್ಲ ಎಂದು ನಾನು ಹೇಳಿದೆ. ಬರೆಯಲು ಪುಟವೂ ಇರಲಿಲ್ಲ.

ಆ ಮಳೆಗಾಲ ಮುಂಗಾರು ಜೋರಾಗಿತ್ತು. ಎಂಟನೇ ಮೈಲಿಯ ಬಳಿ ನೀರು ನಿಂತು ವಾಹನಗಳು ಗಂಟೆಗಟ್ಟಲೆ ಕದಲುತ್ತಿರಲಿಲ್ಲ. ಪಾಳಿ ಮುಗಿಸಿದ ಕಾರ್ಮಿಕರು ಪ್ಲಾಸ್ಟಿಕ್ ಚೀಲಗಳನ್ನು ತಲೆಗೆ ಕಟ್ಟಿಕೊಂಡು ಸಾಲಾಗಿ ನಡೆಯುತ್ತಿದ್ದರು. ವಾರದಲ್ಲಿ ಎರಡು ಮೂರು ಬಾರಿ ನನ್ನ ಕೆಲಸ ಆ ಮೈದಾನದ ಸುತ್ತಮುತ್ತಲೇ ಇರುತ್ತಿದ್ದುದರಿಂದ, ಬಸ್ಸು ಕಾಯುವ ಬದಲು ಸ್ವಾಮಿ ಸಾರ್ ಛತ್ರಿಯಡಿ ನಿಂತು ಆಟ ನೋಡುವುದು ರೂಢಿಯಾಯಿತು. ನಮ್ಮ ಜತೆ ಇನ್ನೊಬ್ಬ ಪ್ರೇಕ್ಷಕನೆಂದರೆ ಗೇಟಿನ ಸೆಕ್ಯುರಿಟಿ, ಅವನೂ ಮಳೆ ಬಂದರೆ ಬೂತ್ ಒಳಗೆ.

ವೀರೇಶನಿಗೆ ಹಿಡಿಸಿದ್ದು ಅದೇ. "ಇಲ್ಲಿ ಛಲೋ ಐತ್ರಿ ಅಕ್ಕಾರ" ಎನ್ನುತ್ತಿದ್ದ. "ಅಲ್ಲಿ ಕಟಿಂಗ್ ಮಾಡ್ಸಾಕ ಕುಂತ್ರ ಕತ್ರಿ ಹಿಡಕೊಂಡೇ ಕೇಳ್ತಾನ, ಎಡಗಾಲ ಯಾಕ ಮುಂದ ಇಟ್ಟಿ ಅಂತ. ಕುತ್ಗಿ ಅವನ ಕೈಯಾಗ ಇರ್ತೈತಿ, ಏನ್ ಹೇಳೂದ್ರಿ? ಚಹಾ ಕೊಡಾವನೂ ಕೇಳ್ತಾನ, ತಾಗಿತ್ತಾ? ಲಿಫ್ಟ್‌ನ್ಯಾಗ ಮುದುಕಿ ಕೇಳ್ತಾಳ, ತಾಗಿತ್ತಾ? ಇಲ್ಲಿ ನೋಡ್ರಿ, ಮನಿ ಮಾಲಕಾರಿಗೆ ನಾ ಏನ್ ಆಡ್ತೀನಿ ಅನ್ನೂದೂ ಗೊತ್ತಿಲ್ಲ."

ಮನೆಯ ಮಾಲೀಕರು ಚಿಕ್ಕಬಾಣಾವರದ ಗೌರಮ್ಮ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲು ಕೋಣೆ ಕಟ್ಟಿಸಿ ಕಾರ್ಖಾನೆಯವರಿಗೆ ಬಾಡಿಗೆ ಕೊಟ್ಟಿದ್ದರು. ರೈಲ್ವೆ ಹಳಿಯ ಪಕ್ಕದ ನೀರು ನಿಂತ ಓಣಿಯ ವರದಿಗೆ ಹೋದಾಗ ಅವರನ್ನು ಕಂಡೆ. ವೀರೇಶನ ಹೆಸರು ಎತ್ತಿದರೆ ಅವರಿಗೆ ಖುಷಿ.

"ಅವ್ನಾ? ಬಂಗಾರದಂತ ಉಡ್ಗ. ಕುಡಿಯಲ್ಲ, ಗಲಾಟೆ ಇಲ್ಲ. ಅದೇನೋ ಕೋಲು ಇಡ್ಕಂಡು ಓಯ್ತಾನೆ, ಕೆಸರು ಮೆತ್ಕಂಡು ಬತ್ತಾನೆ. ಕಂಪ್ನೀಲಿ ಅಂತದೇನು ಕೆಲ್ಸನೋ ಕಾಣೆ ಕಣವ್ವಾ, ಪಾಪ."

ಇದನ್ನು ಹೇಳಿದಾಗ ಅವನು ಬಹಳ ಹೊತ್ತು ನಕ್ಕ. ಆ ವರ್ಷ ಅವನು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಕ್ರೀಡಾ ವರದಿಗಾರ್ತಿಯಾಗಿದ್ದಾಗ ನಾನು ಗಮನಿಸಿದ್ದೊಂದಿದೆ. ಆಟಗಾರರಲ್ಲಿ ಎರಡು ಬಗೆ. ಕೆಲವರು ಕ್ಯಾಮೆರಾ ಹೆಚ್ಚಿರುವ ಊರನ್ನೇ ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿ ಜಾಹೀರಾತು ಸಿಗುತ್ತದೆ, ಸರ್ಕಾರಿ ನೌಕರಿ ಬೇಗ ಸಿಗುತ್ತದೆ, ಭಾರತ ತಂಡ ಆರಿಸುವವರ ಕಣ್ಣಿಗೆ ಬೀಳುತ್ತಾರೆ. ಇನ್ನು ಕೆಲವರು ಅದೇ ಕಾರಣಕ್ಕೆ ಆ ಊರನ್ನು ಬಿಟ್ಟು ಮೂಲೆಯ ತಂಡ ಸೇರುತ್ತಾರೆ. ಒಂದು ಕೆಟ್ಟ ಪಂದ್ಯದ ಮರುದಿನ ತರಕಾರಿ ತರಲು ಹೊರಗೆ ಹೋಗಲಾದರೂ ಆಗಬೇಕಲ್ಲ. ಮೊದಲಿನವರು ಗಟ್ಟಿಗರು, ಎರಡನೆಯವರು ಅಂಜುಬುರುಕರು ಎಂದು ಬರೆದುಬಿಡುವುದು ನಮ್ಮಲ್ಲಿ ಸುಲಭ. ವೀರೇಶ ಯಾವುದಕ್ಕೂ ಸರಿಯಾಗಿ ಹೊಂದುತ್ತಿರಲಿಲ್ಲ. ಅವನ ಕೆಲಸವೇ ಅಂಜುಬುರುಕರು ಮಾಡುವಂಥದ್ದಲ್ಲ. ಪೆನಾಲ್ಟಿ ಕಾರ್ನರ್ ಬಂದಾಗ ಗೋಲಿನ ಗೆರೆಯಿಂದ ಓಡಿ, ಚೆಂಡು ಹೊಡೆಯುವವನ ಎದುರಿಗೇ ಮೈಯೊಡ್ಡುವ ಮೊದಲಿಗ ಅವನು. ಮುಖಕ್ಕೆ ಮುಖವಾಡ, ಮಂಡಿಗೆ ಪಟ್ಟಿ ಕಟ್ಟಿಕೊಂಡು ಗುಂಡಿನಂತೆ ಬರುವ ಚೆಂಡಿಗೆ ಎದುರಾಗಿ ಓಡುವುದು.

ಪಾದಕ್ಕೆ ಮಾತ್ರ ಅವನು ಯಾವ ರಕ್ಷಣೆಯನ್ನೂ ಕಟ್ಟುತ್ತಿರಲಿಲ್ಲ. ಇದು ನನ್ನ ಕಣ್ಣಿಗೆ ಬಿದ್ದದ್ದು ಜುಲೈ ಹೊತ್ತಿಗೆ. ಉಳಿದವರೆಲ್ಲ ದಪ್ಪ ಬೂಟು ಹಾಕಿದ್ದರೆ ಅವನದು ಶಾಲೆಯ ಮಕ್ಕಳು ಡ್ರಿಲ್ಲಿಗೆ ಹಾಕುವಂಥ ತೆಳು ಕ್ಯಾನ್‌ವಾಸ್ ಬೂಟು, ಒಳಗಿನ ಮೆತ್ತೆಯನ್ನೂ ಕಿತ್ತು ತೆಗೆದದ್ದು. ಬೆಳಗಿನ ಪಾಳಿಯಲ್ಲಿ ಉಕ್ಕಿನ ಮೂತಿಯ ಸೇಫ್ಟಿ ಶೂ ಹಾಕಿ ಕೆಲಸ ಮಾಡುವವನು, ಮೈದಾನಕ್ಕೆ ಬಂದು ಅದನ್ನು ಕಳಚಿ ಇದನ್ನು ತೊಡುತ್ತಿದ್ದ. ಸ್ವಾಮಿ ಸಾರ್ ದಿನವೂ ಬೈಯುತ್ತಿದ್ದರು.

"ಮಗಾ, ಕಾಲು ಬೇಡ್ವಾ ನಿಂಗೆ? ನಮ್ ತಾತನ ಕಾಲದೋರು ಬೂಟಿಗೆ ಗತಿ ಇಲ್ದೆ ಬರಿಗಾಲಲ್ಲಿ ಆಡಿದ್ರು. ನಿಂಗೇನ್ ಬಂದಿದೆ ರೋಗ?"

"ಭಾರ ಆಗ್ತೈತ್ರಿ ಸರ, ಓಡಾಕ ಬರೂದಿಲ್ಲ."

ನಿಜವಾದ ಕಾರಣವನ್ನು ನನಗೆ ಹೇಳಿದ್ದು ಒಂದು ಮಧ್ಯಾಹ್ನ, ಕ್ಯಾಂಟೀನಿನಲ್ಲಿ ಚಿತ್ರಾನ್ನದ ತಟ್ಟೆ ಮುಂದಿಟ್ಟುಕೊಂಡು. ಆ ವಿಡಿಯೊವನ್ನು ಅವನು ಈವರೆಗೂ ನೋಡಿರಲಿಲ್ಲ. ನೋಡಿದವರೆಲ್ಲ ತಾಗಿದೆ ಎನ್ನುತ್ತಾರೆ, ಹಾಗಾದರೆ ತಾಗಿರಬೇಕು. ಅವನಿಗೆ ಮಾತ್ರ ಗೊತ್ತಾಗಿರಲಿಲ್ಲ. ತಂಡದವರು ಕೊಟ್ಟ ಹೊಸ ದಪ್ಪ ಬೂಟು, ಅದರೊಳಗೆ ಎರಡು ಜೊತೆ ಕಾಲುಚೀಲ, ಆ ಊರಿನ ಚಳಿ.

"ನಾ ಸುಳ್ಳ ಹೇಳಿದ್ರ ಅದಕ್ಕೊಂದು ಲೆಕ್ಕ ಇರ್ತಿತ್ರಿ. ಬೈಸ್ಕೊಂಡು ಸುಮ್ನಾಗ್ತಿದ್ದೆ. ನನ್ನ ಕಾಲು ನನಗ ಹೇಳ್ಲಿಲ್ಲ ಅಂದ್ರ ಯಾರು ನಂಬ್ತಾರ? ಇನ್ನೊಮ್ಮೆ ಯಾರರ ಕೇಳಿದ್ರ ನನಗ ಗೊತ್ತಿರಬೇಕು. ಅಷ್ಟ."

ಯಾರೂ ಕೇಳದ ಊರೆಂದು ಪೀಣ್ಯಕ್ಕೆ ಬಂದವನು ಕೇಳಿದಾಗ ಕೊಡಬೇಕಾದ ಉತ್ತರಕ್ಕೆ ದಿನವೂ ಕಾಲನ್ನು ಸಿದ್ಧಪಡಿಸುತ್ತಿದ್ದ.

ಆಗಸ್ಟ್ ಮೊದಲ ವಾರ ಎರಡು ಕರೆ ಒಟ್ಟಿಗೆ ಬಂದವು. ಒಂದು, ಅದೇ ಪೂರ್ವದ ನಗರದ ತಂಡದ್ದು. ಅಲ್ಲಿ ಕೋಚ್ ಬದಲಾಗಿದ್ದರು, ಕಾರ್ನರ್‌ಗೆ ಎದುರು ಓಡುವವನು ಬೇಕಿತ್ತು, ಬರುತ್ತೀಯಾ ಎಂದರು. ಇನ್ನೊಂದು ಹೊಸದಾಗಿ ಕಟ್ಟಿದ ತಂಡದ್ದು. ಆ ಊರಿನಲ್ಲಿ ಹಾಕಿ ನೋಡುವವರಿಲ್ಲ, ಬರೆಯುವವರಿಲ್ಲ, ತಂಡದ ಬಸ್ಸು ಹೋದರೆ ಮದುವೆ ದಿಬ್ಬಣವೆಂದುಕೊಳ್ಳುತ್ತಾರೆ ಎಂದು ಆಟಗಾರರೇ ತಮಾಷೆ ಮಾಡುತ್ತಿದ್ದರು. ಅದೇ ದಿನಗಳಲ್ಲಿ ಕಾರ್ಖಾನೆ ತುಮಕೂರಿನ ಕಡೆಗೆ ಸ್ಥಳಾಂತರವಾಗುವ ಮಾತು ಎದ್ದಿತ್ತು. ಅಲ್ಲಿ ಮೈದಾನವಿಲ್ಲ, ತಂಡವನ್ನು ಮುಂದುವರಿಸುವ ಮಾತನ್ನು ಯಾರೂ ಆಡುತ್ತಿರಲಿಲ್ಲ. ವೀರೇಶನಿಗೆ ವಯಸ್ಸು ಮೂವತ್ತರ ಹತ್ತಿರ. ಕಾರ್ನರ್‌ಗೆ ಎದುರು ಓಡುವವರು ಅದಾದ ಮೇಲೆ ಬಹಳ ವರ್ಷ ಓಡುವುದಿಲ್ಲ. ಈ ಸಲ ಹೋಗದಿದ್ದರೆ ದೊಡ್ಡ ಆಟ ಅವನ ಪಾಲಿಗೆ ಮುಗಿದ ಹಾಗೆಯೇ.

ಸಹ ಆಟಗಾರರೆಲ್ಲ ಹೊಸ ತಂಡಕ್ಕೇ ಹೋಗು ಎಂದರು. "ಅಲ್ಲಿ ಹೋಗಿ ಮತ್ತೆ ಉಗಿಸ್ಕೋತೀಯ ಮಚ್ಚಾ? ಆರಾಮಾಗಿ ಇಲ್ಲಿ ಆಡ್ಕೊಂಡು ಬಾ." ಸ್ವಾಮಿ ಸಾರ್ ಮಾತ್ರ ಗೋಲಿನ ಬಲೆಯ ಹರಿದ ಗಂಟು ಕಟ್ಟುತ್ತ ಕೂತಿದ್ದರು. ನಾನೇ ಅವರನ್ನು ಕೇಳಿದೆ.

"ಪ್ರೆಶರ್ ಪ್ರೆಶರ್ ಅಂತಾರಲ್ಲಮ್ಮಾ," ಎಂದರು ಅವರು, "ಪ್ರೆಶರ್ ಅಂದ್ರೆ ಏನು? ಯಾರೋ ನೋಡ್ತಾ ಇದ್ದಾರೆ ಅಂತ. ಹಿಂದೆ ಈ ಬೆಂಗಳೂರಲ್ಲೇ ನಾನು ಗೋಲ್ ಬಿಟ್ರೆ ಚರ್ಚ್ ಹತ್ರ ಫಾದರ್ ಕೇಳೋರು, ಏನೋ ಆಯ್ತು ನಿಂಗೆ ಅಂತ. ನಾಚಿಕೆ ಆಗೋದು. ಈಗ ಹತ್ತು ಗೋಲ್ ಬಿಟ್ರೂ ಯಾವ ಫಾದರೂ ಕೇಳಲ್ಲ. ಅದು ನೆಮ್ಮದೀನಾ? ನಂಗಂತೂ ಗೊತ್ತಿಲ್ಲಮ್ಮಾ."

ಉತ್ತರ ಹೇಳಲು ತಂಡಗಳು ಕೊಟ್ಟಿದ್ದ ಗಡುವಿನ ಹಿಂದಿನ ದಿನ ಕಾರ್ಖಾನೆಗಳ ನಡುವಿನ ಪಂದ್ಯವೊಂದು ಕೆಸರಿನ ಮೈದಾನದಲ್ಲಿ ನಡೆಯಿತು. ವೀರೇಶ ಒಂದರ ಹಿಂದೆ ಒಂದರಂತೆ ಕಾರ್ನರ್‌ಗಳನ್ನು ತಡೆದ. ಅಷ್ಟು ಚೆನ್ನಾಗಿ ಯಾರಾದರೂ ತಡೆದದ್ದನ್ನು ನಾನು ಆ ವರ್ಷ ಬೇರೆಲ್ಲೂ ನೋಡಿರಲಿಲ್ಲ. ಕೊನೆಯದನ್ನು ತಡೆದು ತಿರುಗಿ ನೋಡಿದ. ಬೂತ್ ಒಳಗೆ ಸೆಕ್ಯುರಿಟಿ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಕಾಂಪೌಂಡಿನಾಚೆ ಲಾರಿಯೊಂದು ಹಿಂದಕ್ಕೆ ಬರುತ್ತ ಕೂಗುತ್ತಿತ್ತು. ಅಷ್ಟೇ.

ಕೆಸರು ತೊಳೆಯುತ್ತ ನಲ್ಲಿಯ ಬಳಿ ನಿಂತಿದ್ದಾಗ ನನಗೆ ಹೇಳಿದ, "ಅಲ್ಲಿಗೇ ಹೋಗ್ತೀನ್ರಿ ಅಕ್ಕಾರ."

"ಎಲ್ಲಿಗೆ?"

"ಬೈಯೋರ ಊರಿಗೆ." ಕಾಲಿನ ಮೇಲೆ ನೀರು ಬಿಟ್ಟುಕೊಂಡ. "ಇಲ್ಲಿ ಯಾರರ ಕೇಳಿದ್ರೂ ಮಾತಿಗೆ ಕೇಳೂದು. ಅಲ್ಲಿ ಕೇಳಿದ್ರ ಅವರಿಗೆ ಉತ್ತರ ಬೇಕಾಗಿರ್ತೈತಿ. ಅವ್ರು ಕೇಳೂದು ತಪ್ಪಲ್ರಿ. ಆಟ ಗೊತ್ತಿದ್ದವ್ರು ಅವ್ರು. ಎಡಗಾಲ ಮುಂದ ಇಟ್ಟಿದ್ದೂ ಖರೇನ."

ಮರುದಿನ ಫೋನ್ ಮಾಡಿ ಒಪ್ಪಿಗೆ ಹೇಳಿದ. ಹೊಸ ತಂಡದವರಿಗೆ ಇಲ್ಲ ಎಂದ. ಸ್ವಾಮಿ ಸಾರ್ ಅವನ ಬೆನ್ನಿಗೊಂದು ಗುದ್ದಿ, "ಹೋಗೋ ಮುಂಚೆ ಒಳ್ಳೇ ಬೂಟು ತಗೋ ಮಗಾ" ಎಂದರು.

ಅವನು ಬೂಟು ತೆಗೆದುಕೊಳ್ಳಲಿಲ್ಲ.

ತಿಂಗಳ ಕೊನೆಯಲ್ಲಿ ತುಮಕೂರು ರಸ್ತೆಯಾಚೆಗಿನ ಒಂದು ಕ್ರೀಡಾ ಶಾಲೆಯ ಕೃತಕ ಹುಲ್ಲಿನ ಟರ್ಫ್‌ನಲ್ಲಿ ಪಂದ್ಯವಿತ್ತು. ಕೆಸರಿನ ಮೈದಾನದಲ್ಲಿ ಚೆಂಡು ನಿಧಾನ. ನೀರು ಕುಡಿದ ಟರ್ಫ್ ಮೇಲೆ ಅದರ ವೇಗವೇ ಬೇರೆ. ಬೆಳಗಿನಿಂದ ಸಣ್ಣ ಮಳೆ ಹಿಡಿದಿತ್ತು. ನಾನು ರಜೆಯ ಮೇಲೆ ಹೋಗಿದ್ದೆ. ಆಟದ ಕೊನೆಯ ಭಾಗದಲ್ಲಿ ಗೋಲಿನ ಮುಂದೆ ಗುಂಪು ಸೇರಿತು. ಸ್ಟಿಕ್‌ಗಳು ತಾಕಾಡಿ ಚೆಂಡು ಹೊರಗೆ ಬಂತು. ಅಂಪೈರ್ ಇನ್ನೊಂದು ಬದಿಯಲ್ಲಿದ್ದರು, ಅವರಿಗೇನೂ ಕಂಡಿರಲಿಲ್ಲ. ಆಟ ಮುಂದುವರಿದಿತ್ತು. ವೀರೇಶ ಇದ್ದಲ್ಲೇ ನಿಂತು ಕೈಯೆತ್ತಿದ.

"ಏನ್ರಿ?" ಎಂದು ಅಂಪೈರ್ ಸೀಟಿ ಊದಿ ಕೇಳಿದರು.

"ಕಾಲಿಗೆ ತಾಗಿತ್ರಿ."

ಅವನ ತಂಡದ ಗೋಲ್‌ಕೀಪರ್ ಮುಖವಾಡದೊಳಗಿಂದ ಏನೇನೋ ಕೂಗಿದ, ಇಲ್ಲಿ ಬರೆಯುವಂಥದ್ದಲ್ಲ. ಅಂಪೈರ್ ಪೆನಾಲ್ಟಿ ಕಾರ್ನರ್ ಕೊಟ್ಟರು. ತಾನೇ ಕೊಡಿಸಿದ ಕಾರ್ನರ್‌ಗೆ ವೀರೇಶ ಮುಖವಾಡ ತೊಟ್ಟು ಗೆರೆಯ ಮೇಲೆ ನಿಂತ. ಚೆಂಡು ಒಳಗೆ ಬಂದ ಕೂಡಲೇ ಓಡಿದ. ಹೊಡೆದವನು ಚಿಕ್ಕ ಹುಡುಗ, ಬಲ ಬಹಳ, ಹಿಡಿತ ಕಡಿಮೆ. ಚೆಂಡು ಮೇಲೇಳದೆ ನೆಲಕ್ಕಂಟಿಕೊಂಡೇ ಬಂದು ವೀರೇಶನ ಎಡಗಾಲಿಗೆ ನೇರವಾಗಿ ಬಡಿಯಿತು. ಆ ಸದ್ದು ಸ್ಟಿಕ್‌ಗೆ ತಾಗಿದ ಸದ್ದಿನ ಹಾಗೆಯೇ ಇತ್ತು. ಅವನು ಬೀಳಲಿಲ್ಲ. ಸ್ವಲ್ಪ ಹೊತ್ತು ನಿಂತೇ ಇದ್ದು ಆಮೇಲೆ ಮೆಲ್ಲಗೆ ಕುಳಿತ.

ಸ್ವಾಮಿ ಸಾರ್ ಓಡಿದರು, ಹಿಂದೆಯೇ ನಾನು. ತೆಳು ಬಟ್ಟೆಯ ಬೂಟು ಊದಿದ ಕಾಲಿನ ಮೇಲೆ ಬಿಗಿದುಕೊಂಡಿತ್ತು. ಬ್ಲೇಡಿನಿಂದ ಕೊಯ್ದು ತೆಗೆಯಬೇಕಾಯಿತು. ನೋವಿಗೆ ಅವನ ತುಟಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ, "ಈ ಸಲ ಗೊತ್ತಾತ್ರಿ" ಎಂದ.

ಪಾದದ ಮೂಳೆಗಳು ಒಡೆದಿದ್ದವು. ವೈದ್ಯರು ಚಳಿಗಾಲ ಮುಗಿಯುವವರೆಗೆ ಆಟದ ಮಾತೆತ್ತಬೇಡ ಎಂದರು. ಸ್ವಾಮಿ ಸಾರ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಪೂರ್ವದ ತಂಡಕ್ಕೆ ಫೋನ್ ಮಾಡಿದರು. ಅವರು ವಿಷಾದ ಹೇಳಿದರು, ಬೇಗ ಗುಣವಾಗಲಿ ಎಂದರು, ಬೇರೊಬ್ಬನನ್ನು ತೆಗೆದುಕೊಂಡರು. ಅವರದ್ದೇನೂ ತಪ್ಪಿಲ್ಲ.

ಸುದ್ದಿ ಆ ಊರನ್ನು ಮುಟ್ಟಿತು. ಅಲ್ಲಿನ ಒಂದು ಚಾನೆಲ್ ಅವನ ಹಳೆಯ ಫೋಟೊ ಹಾಕಿ, ಗಾಯಗೊಂಡಿದ್ದಾನಂತೆ, ಈ ಸಲ ಬರುವುದಿಲ್ಲವಂತೆ ಎಂದು ಪ್ರಕಟಿಸಿತು. ಕೆಳಗೆ ಜನರ ಟಿಪ್ಪಣಿಗಳು ಸಾಲುಗಟ್ಟಿದವು. ಕಾಲಿಗೆ ತಾಗಿದ್ದು ಇವನಿಗೆ ಹೇಗೆ ಗೊತ್ತಾಯಿತು ಎಂದು ಒಬ್ಬ. ವಿಡಿಯೊ ತೋರಿಸು, ಆಮೇಲೆ ನಂಬೋಣ ಎಂದು ಇನ್ನೊಬ್ಬ. ಹೆದರಿ ಪ್ಲಾಸ್ಟರ್ ಹಾಕಿಸಿಕೊಂಡಿದ್ದಾನೆ ಎಂದು ಮತ್ತೊಬ್ಬ. ವೀರೇಶ ಅವನ್ನೆಲ್ಲ ಓದುತ್ತಿದ್ದ. ಅವನ ಕೋಣೆಗೆ ಹೋದಾಗ, ಪ್ಲಾಸ್ಟರ್ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ನನಗೂ ಓದಿ ಹೇಳಿದ. ಹಿಂದಿ ಈಗ ಅವನಿಗೆ ಚೆನ್ನಾಗಿ ಬರುತ್ತಿತ್ತು.

"ಅಕ್ಕಾರ, ನೀವಾರ ಬರೀರಿ. ಮುರದೈತಿ ಅಂತ. ಎಕ್ಸ್‌ರೇ ಬೇಕಾದ್ರ ಕೊಡ್ತೀನಿ."

ಪತ್ರಿಕೆಯೆಂದರೆ ಕೈ ಅರ್ಧಕ್ಕೆ ನಿಲ್ಲಿಸಿದವನು ತಾನಾಗಿ ಕೇಳಿದ. ನಾನು ಬರೆದೆ. ಗಾಯ, ವೈದ್ಯರ ಮಾತು, ಅಂಪೈರ್ ಕಾಣದ್ದನ್ನು ತಾನೇ ಹೇಳಿದ್ದು, ಎರಡು ವರ್ಷದ ಹಿಂದಿನ ಆ ಪಂದ್ಯ, ಎಲ್ಲವನ್ನೂ ಸೇರಿಸಿ, ವಿಶೇಷಣವಿಲ್ಲದೆ. ಡೆಸ್ಕಿನಿಂದ ಫೋನ್ ಬಂತು. "ಚೆನ್ನಾಗಿದೆ ಕಣ್ರೀ, ಆದ್ರೆ ಸ್ಪೋರ್ಟ್ಸ್‌ನಲ್ಲಿ ಜಾಗ ಇಲ್ಲ. ನಿಮ್ಮ ವಲಯದ ಪುಟಕ್ಕೇ ಹಾಕ್ತೀನಿ." ವಲಯದ ಪುಟ ಪೀಣ್ಯ, ದಾಸರಹಳ್ಳಿ, ಚಿಕ್ಕಬಾಣಾವರದ ಪ್ರತಿಗಳಲ್ಲಿ ಮಾತ್ರ ಬರುವಂಥದ್ದು. ಪೂರ್ವದ ಆ ಊರಿನಲ್ಲಿ ಅದನ್ನು ಓದುವವರು ಯಾರೂ ಇರಲಿಲ್ಲ. ಕೈಗೆ ಸಿಕ್ಕಿದ್ದರೂ ಅವರಿಗೆ ಕನ್ನಡ ಬರುತ್ತಿರಲಿಲ್ಲ.

ಮೋರಿ ದುರಸ್ತಿಯ ಸುದ್ದಿಯ ಪಕ್ಕದಲ್ಲಿ ಅದು ಪ್ರಕಟವಾದ ದಿನ ನಾನು ಪತ್ರಿಕೆ ತೆಗೆದುಕೊಂಡು ಹೋದೆ. ಗೌರಮ್ಮ ನನಗಿಂತ ಮೊದಲೇ ಒಂದು ಪ್ರತಿ ಹಿಡಿದು ಅವನ ಬಾಗಿಲಲ್ಲಿ ಕುಳಿತಿದ್ದರು. ಯಾರಿಂದಲೋ ಓದಿಸಿಕೊಂಡಿದ್ದರು.

"ಟಿವೀಲೆಲ್ಲ ಬಂದಿರೋನಂತಲ್ಲಪ್ಪಾ ನೀನು! ಯೋಳ್ಲೇ ಇಲ್ವಲ್ಲ. ನಾನ್ ನೋಡುದ್ರೆ ಕೋಲು ಇಡ್ಕಂಡು ಓಯ್ತಾನೆ, ದನ ಕಾಯಕ್ಕೋ ಏನೋ ಅನ್ಕಂಡಿದ್ದೆ." ಆಮೇಲೆ ಸ್ವಲ್ಪ ಮುಂದೆ ಬಾಗಿ, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು, "ಅಲ್ಲಾ, ಅವತ್ತು ನಿಜ್ವಾಗ್ಲೂ ತಗುಲಿತ್ತಾ?"

ನಾನು ನೆಲ ನೋಡಿದೆ. ವೀರೇಶ, "ತಗುಲಿತ್ತಂತ್ರೀ ಅಮ್ಮಾರ. ನನಗ ಗೊತ್ತಾಗ್ಲಿಲ್ಲ" ಎಂದ.

"ಓ, ಅಷ್ಟೇನಾ?" ಎಂದು ಅವರು ಎದ್ದು, ಸೀರೆ ಕೊಡವಿಕೊಂಡು, ಮುದ್ದೆಗೆ ಎಸರಿಟ್ಟಿರುವುದಾಗಿ ಹೇಳಿ ಹೋದರು. ಅದೇ ಪ್ರಶ್ನೆಗೆ ಅದೇ ಉತ್ತರ. ಒಬ್ಬರು ಅದನ್ನು ಒಪ್ಪಿಕೊಂಡದ್ದು ಅದೇ ಮೊದಲು. ಅವನ ಮುಖದಲ್ಲಿ ಏನಾದರೂ ಹಗುರವಾಯಿತೇ ಎಂದು ನೋಡಿದೆ. ಆಗಿರಲಿಲ್ಲ. ಉತ್ತರ ಅವರಿಗೆ ಬೇಕಾಗಿಯೇ ಇರಲಿಲ್ಲ.

ಮಳೆ ನಿಂತಿತು. ದಸರೆ ಕಳೆದು ಕಾರ್ಖಾನೆಯ ಯಂತ್ರಗಳು ಒಂದೊಂದಾಗಿ ಲಾರಿ ಹತ್ತತೊಡಗಿದವು. ಕ್ರೀಡಾ ಕೋಟಾದವರಿಗೆ ಹೊಸ ಜಾಗದಲ್ಲಿ ಪೂರ್ತಿ ಪಾಳಿಯ ಕೆಲಸ ಎಂದು ಆದೇಶವಾಯಿತು. ಸ್ವಾಮಿ ಸಾರ್ ಗೋಲಿನ ಬಲೆಗಳನ್ನು ಬಿಚ್ಚಿ, ಒಣಗಿಸಿ, ಯಾವುದೋ ಶಾಲೆಗೆ ಕೊಟ್ಟರು. ಪ್ಲಾಸ್ಟರ್ ಬಿಚ್ಚಿದ ಮೇಲೆ ವೀರೇಶನ ಎಡಪಾದ ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ. ನಡೆಯಬಹುದಿತ್ತು. ಕಾರ್ನರ್‌ಗೆ ಎದುರು ಓಡುವಂಥ ಕಾಲು ಅದಾಗಿರಲಿಲ್ಲ. ಅದನ್ನು ಸ್ವಾಮಿ ಸಾರ್ ನೋಡಿದ ಕೂಡಲೇ ಅರಿತರು, ಅವನೂ ಅರಿತಿದ್ದ.

ಲೀಗ್ ಶುರುವಾಗಿ ಪೂರ್ವದ ಆ ನಗರದ ಮೊದಲ ತವರು ಪಂದ್ಯದ ಸಂಜೆ ನಾನು ಅವನ ಕೋಣೆಯಲ್ಲಿದ್ದೆ. ಮರುವಾರ ಅವನು ಹೊಸ ಕಾರ್ಖಾನೆಯ ಕಡೆಗೆ ಮನೆ ಬದಲಿಸುವವನಿದ್ದ, ಪೆಟ್ಟಿಗೆಗಳನ್ನು ಕಟ್ಟಿಟ್ಟಿದ್ದ. ಮೊಬೈಲನ್ನು ನೀರಿನ ಬಾಟಲಿಗೆ ಆನಿಸಿಟ್ಟು ಇಬ್ಬರೂ ಪಂದ್ಯ ನೋಡಿದೆವು. ಅವನ ಜಾಗದಲ್ಲಿ ಬಂದವನು ಹರೆಯದ ಹುಡುಗ, ಕಾರ್ನರ್‌ಗೆ ಎದುರು ಓಡುವಾಗ ಕಣ್ಣು ಮುಚ್ಚುತ್ತಿದ್ದ. ಒಂದು ಕಾರ್ನರ್ ಅವನ ಪಕ್ಕದಿಂದಲೇ ನುಗ್ಗಿ ಗೋಲಾಯಿತು. ತಂಡ ಸೋತಿತು. ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗಿದಾಗ ಅವರ ಸಿಟ್ಟು ಸದ್ದಿಲ್ಲದ ಚಿತ್ರದಲ್ಲೂ ಕಾಣುತ್ತಿತ್ತು.

ಪಂದ್ಯ ಮುಗಿದದ್ದೇ ವೀರೇಶ ಮೊಬೈಲ್ ಕೈಗೆತ್ತಿಕೊಂಡ. ಆ ಊರಿನ ಚಾನೆಲ್‌ಗಳನ್ನು ಒಂದಾದ ಮೇಲೊಂದು ತೆರೆದ. ಬೆರಳು ಕೆಳಗೆ ಕೆಳಗೆ ಜಾರುತ್ತಿತ್ತು. ಹುಡುಗನಿಗೆ ಬೈಗುಳ, ಕೋಚ್‌ಗೆ ಬೈಗುಳ, ಅಂಪೈರ್‌ಗೆ ಬೈಗುಳ. ನಾನು ಎದ್ದು ಚೀಲ ಹೆಗಲಿಗೇರಿಸಿದೆ. ಅವನು ತಲೆಯೆತ್ತಲಿಲ್ಲ.

"ನಂದು ಎಲ್ಲೂ ಇಲ್ರಿ ಅಕ್ಕಾರ" ಎಂದ. "ಒಬ್ಬರೂ ಬೈದಿಲ್ಲ."

ಮತ್ತೆ ಮೇಲಿನಿಂದ ಹುಡುಕತೊಡಗಿದ.